ಒಂಟಿ ಕಾಲಿನಲ್ಲಿ ನಿಂತು ನೋಡಿ

ಮಕ್ಕಳೇ, ಈ ಲೇಖನ ಓದುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಎದ್ದು ನಿಲ್ಲಿ. ಬಲಗೈಯನ್ನು ಬಲಗಡೆಯ ಸೊಂಟದ ಪಕ್ಕಕ್ಕೆ, ಕಿಸೆಗಿಂತ ಸ್ವಲ್ಪ ಮೇಲೆ ಒತ್ತಿ ಹಿಡಿಯಿರಿ. ಈಗ ಎಡಗಾಲನ್ನು ನೆಲದಿಂದ ಒಂದು ಗೇಣು ಎತ್ತಿ. ಕೈಯಡಿಯಲ್ಲಿ ಏನೋ ಗಟ್ಟಿಯಾದದ್ದು ಗೊತ್ತಾಯಿತೇ? ಎಡಗಾಲು ಕೆಳಗಿಟ್ಟ ಕೂಡಲೇ ಅದು ಮತ್ತೆ ಮೆತ್ತಗಾಗ್ತದೆ. ಎರಡು ಮೂರು ಸಲ ಮಾಡಿ ನೋಡಿ, ಆಮೇಲೆ ಕೂತುಕೊಳ್ಳಿ.

ಎತ್ತಿದ್ದು ಎಡಗಾಲು, ಬಿಗಿಯಾದದ್ದು ಬಲಗಡೆಯ ಸ್ನಾಯು. ಯಾಕೆ ಹೀಗೆ? ಈ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ನಿಮ್ಮ ಮನೆಯ ಅಜ್ಜಿಯ ನಡಿಗೆಯನ್ನು ನೀವು ಬೇರೆಯೇ ರೀತಿಯಲ್ಲಿ ನೋಡ್ತೀರಿ. ನನಗೆ ಉತ್ತರ ಗೊತ್ತಿತ್ತು. ಆದರೂ ನನ್ನ ಅಮ್ಮನ ನಡಿಗೆಯನ್ನು ನಾನು ಎರಡು ವರ್ಷ ಸರಿಯಾಗಿ ನೋಡಲಿಲ್ಲ. ಆ ವಿಷಯ ಮುಂದೆ ಬರ್ತದೆ. ಮೊದಲು ವಿಜ್ಞಾನ.

ಸೊಂಟದೊಳಗೊಂದು ಸನ್ನೆ

ನಮ್ಮ ಸೊಂಟದ ಕೀಲು ಚೆಂಡು-ಗುಳಿ ಕೀಲು. ತೊಡೆಮೂಳೆಯ ಮೇಲ್ತುದಿಯ ಚೆಂಡು ಸೊಂಟದ ಮೂಳೆಯ ಗುಳಿಯೊಳಗೆ ಕೂತಿದೆ. ತೊಡೆಮೂಳೆಯ ಮೇಲ್ಭಾಗದಲ್ಲಿ ಹೊರಕ್ಕೆ ಚಾಚಿದ ಒಂದು ಗುಬ್ಬು ಉಂಟು. ಚಾಪೆಯ ಮೇಲೆ ಮಗ್ಗುಲಾಗಿ ಮಲಗಿದರೆ ನೆಲಕ್ಕೆ ಒತ್ತುವ ಮೂಳೆ ಅದೇ. ವೈದ್ಯರು ಅದನ್ನು ಗ್ರೇಟರ್ ಟ್ರೊಕ್ಯಾಂಟರ್ ಅನ್ನುತ್ತಾರೆ. ನಾವಿಲ್ಲಿ ಹೊರಗುಬ್ಬು ಅನ್ನೋಣ. ಸೊಂಟದ ಮೂಳೆಯ ಹೊರಮೈಯಿಂದ ಎರಡು ಸ್ನಾಯುಗಳು ಬೀಸಣಿಗೆಯ ಹಾಗೆ ಇಳಿದು ಬಂದು ಈ ಹೊರಗುಬ್ಬಿಗೆ ಅಂಟಿಕೊಳ್ಳುತ್ತವೆ. ಅವುಗಳ ಹೆಸರು ಗ್ಲೂಟಿಯಸ್ ಮೀಡಿಯಸ್ ಮತ್ತು ಗ್ಲೂಟಿಯಸ್ ಮಿನಿಮಸ್. ಈಗ ನಿಮ್ಮ ಕೈಯಡಿಯಲ್ಲಿ ಗಟ್ಟಿಯಾದದ್ದು ಮುಖ್ಯವಾಗಿ ಈ ಮೀಡಿಯಸ್.

ಒಂದು ಕಾಲಿನಲ್ಲಿ ನಿಂತಾಗ ದೇಹದ ಭಾರ ಆ ಕಾಲಿನ ನೇರಕ್ಕೆ ಇರುವುದಿಲ್ಲ, ಪಕ್ಕದಲ್ಲಿ ಇರುತ್ತದೆ. ಹಾಗಾಗಿ ದೇಹ ಎತ್ತಿದ ಕಾಲಿನ ಕಡೆಗೆ ವಾಲಬೇಕು. ವಾಲದ ಹಾಗೆ ಹೊರಗಿನಿಂದ ಎಳೆದು ಹಿಡಿಯುವವ ಮೀಡಿಯಸ್. ನೀವು ಕಲಿತ ಸನ್ನೆಯೇ ಇದು. ಕೀಲು ಆಧಾರಬಿಂದು, ಒಳಗಡೆ ದೇಹದ ಭಾರ, ಹೊರಗಡೆ ಸ್ನಾಯುವಿನ ಬಲ.

ಲೆಕ್ಕ ಮಾಡೋಣ. 60 ಕಿಲೋಗ್ರಾಂ ತೂಕದ ಒಬ್ಬರು ಬಲಗಾಲಿನಲ್ಲಿ ನಿಂತಿದ್ದಾರೆ. ಒಂದು ಕಾಲಿನ ತೂಕ ದೇಹದ ಸುಮಾರು ಆರನೇ ಒಂದು ಪಾಲು. ನಿಂತ ಕಾಲನ್ನು ಬಿಟ್ಟರೆ ಉಳಿಯುವುದು ಸುಮಾರು 50 ಕಿಲೋಗ್ರಾಂ. ಈ ಭಾರ ಕೀಲಿನಿಂದ ಸುಮಾರು 10 ಸೆಂಟಿಮೀಟರ್ ಒಳಗಡೆ ಕೆಲಸ ಮಾಡ್ತದೆ. ಸ್ನಾಯು ಎಳೆಯುವುದು ಕೀಲಿನಿಂದ ಸುಮಾರು 5 ಸೆಂಟಿಮೀಟರ್ ಹೊರಗಡೆ. ಭಾರದ ಕಡೆ 50×10, ಅಂದರೆ 500. ಸ್ನಾಯುವಿನ ಕಡೆಯೂ 500 ಆಗಬೇಕಾದರೆ 100×5 ಆಗಬೇಕು. ಸ್ನಾಯು 100 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲದಿಂದ ಎಳೆಯಬೇಕು! ಕೀಲಿನ ಮೇಲೆ ಬೀಳುವುದು ಎರಡೂ ಸೇರಿ ಸುಮಾರು 150. ಅಳತೆಗಳು ಒಬ್ಬೊಬ್ಬರಲ್ಲಿ ಸ್ವಲ್ಪ ಬೇರೆ ಬೇರೆ, ಆದರೆ ಲೆಕ್ಕದ ದಾರಿ ಇದೇ.

ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ನಾವು ಒಂದು ಕ್ಷಣ ಒಂಟಿ ಕಾಲಿನಲ್ಲಿ ಇರುತ್ತೇವೆ. ಶಾಲೆಗೆ ಎರಡು ಸಾವಿರ ಹೆಜ್ಜೆ ನಡೆದರೆ ಬಲಗಡೆಯ ಮೀಡಿಯಸ್ ಸಾವಿರ ಸಲ, ಎಡಗಡೆಯದ್ದು ಸಾವಿರ ಸಲ ಹೀಗೆ ಎಳೆದಿರುತ್ತದೆ.

ಹುರಿಹಗ್ಗದ ಹಾಗೆ

ಸ್ನಾಯು ನೇರವಾಗಿ ಮೂಳೆಗೆ ಅಂಟಿಕೊಳ್ಳುವುದಿಲ್ಲ. ನಡುವೆ ಸ್ನಾಯುರಜ್ಜು ಉಂಟು. ಮೂಳೆಯನ್ನು ಮೂಳೆಗೆ ಕಟ್ಟುವುದು ಅಸ್ಥಿರಜ್ಜು, ಸ್ನಾಯುವನ್ನು ಮೂಳೆಗೆ ಕಟ್ಟುವುದು ಸ್ನಾಯುರಜ್ಜು. ಪರೀಕ್ಷೆಯಲ್ಲಿ ಇವೆರಡನ್ನು ಅದಲುಬದಲು ಬರೆಯುವವರು ಪ್ರತಿ ವರ್ಷ ಇರುತ್ತಾರೆ. ಇನ್ನು ಮುಂದೆ ಬರೆಯಬೇಡಿ.

ಸ್ನಾಯುರಜ್ಜು ಮುಖ್ಯವಾಗಿ ಕೊಲ್ಲಾಜನ್ ಎಂಬ ಪ್ರೋಟೀನಿನ ಎಳೆಗಳಿಂದ ಆಗಿದೆ. ತೆಂಗಿನ ನಾರಿನ ಹುರಿಹಗ್ಗ ನೋಡಿದ್ದೀರಲ್ಲ? ನಾರು ಸೇರಿ ಎಳೆ, ಎಳೆ ಸೇರಿ ಹುರಿ, ಹುರಿ ಸೇರಿ ಹಗ್ಗ. ಕೊಲ್ಲಾಜನ್ ಕೂಡ ಹೀಗೆಯೇ ಕಟ್ಟು ಕಟ್ಟಾಗಿ ಜೋಡಿಸಿಕೊಂಡಿದೆ. ಎಳೆತಕ್ಕೆ ಬಹಳ ಗಟ್ಟಿ. ಆದರೆ ರಕ್ತನಾಳಗಳು ಕಡಿಮೆ. ಕೈ ಕುಯ್ದರೆ ಒಂದು ವಾರದಲ್ಲಿ ಒಣಗುವ ಗಾಯಕ್ಕೂ ತಿಂಗಳುಗಟ್ಟಲೆ ತೆಗೆದುಕೊಳ್ಳುವ ರಜ್ಜುವಿನ ಗಾಯಕ್ಕೂ ವ್ಯತ್ಯಾಸ ಬರುವುದು ಬಹುಮಟ್ಟಿಗೆ ಇಲ್ಲಿಂದ.

ಮೂಳೆಗೆ ಸೇರುವ ಜಾಗ ಇನ್ನೂ ವಿಶೇಷ. ಮೆತ್ತನೆಯ ಹಗ್ಗವನ್ನು ಗಟ್ಟಿ ಕಲ್ಲಿಗೆ ಅಂಟಿಸಿದರೆ ಅಂಟಿಸಿದಲ್ಲೇ ಕಿತ್ತುಬರ್ತದೆ. ಹಾಗಾಗಿ ದೇಹ ಅಲ್ಲಿ ನಾಲ್ಕು ಹಂತ ಮಾಡಿದೆ: ರಜ್ಜು, ನಾರು ತುಂಬಿದ ಮೃದ್ವಸ್ಥಿ, ಸುಣ್ಣದಂಶ ಸೇರಿ ಗಟ್ಟಿಯಾದ ಮೃದ್ವಸ್ಥಿ, ಕೊನೆಗೆ ಮೂಳೆ. ಮೆತ್ತನೆಯದ್ದು ಸ್ವಲ್ಪ ಸ್ವಲ್ಪವಾಗಿ ಗಟ್ಟಿಯಾಗುತ್ತ ಹೋಗ್ತದೆ. ಹುಟ್ಟುವ ಮೊದಲು ಆರಂಭವಾಗಿ ಬೆಳೆಯುವ ವರ್ಷಗಳಲ್ಲಿ ರೂಪುಗೊಳ್ಳುವ ಈ ಜೋಡಣೆ ಒಮ್ಮೆ ಹರಿದರೆ ಮೊದಲಿನಂತೆಯೇ ಮತ್ತೆ ಬರುವುದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ.

ಒಮ್ಮೆಲೇ ಹರಿಯುವುದು

ರಜ್ಜು ಹರಿಯುವುದು ಎರಡು ರೀತಿ. ಒಂದು, ಒಮ್ಮೆಲೇ.

ಕೆ.ಎಲ್. ರಾಹುಲ್ ನಿಮಗೆಲ್ಲ ಗೊತ್ತು. ನಮ್ಮ ಪಕ್ಕದ ಮಂಗಳೂರಿನ ಸುರತ್ಕಲ್ಲಿನಲ್ಲಿ ಬೆಳೆದವರು. 2023ರ ಮೇ 1ರಂದು ಲಖನೌದಲ್ಲಿ ಬೆಂಗಳೂರು ತಂಡದ ವಿರುದ್ಧ ಐಪಿಎಲ್ ಪಂದ್ಯ. ಬೌಂಡರಿಯತ್ತ ಹೋಗುತ್ತಿದ್ದ ಚೆಂಡಿನ ಹಿಂದೆ ಓಡುತ್ತಿದ್ದ ರಾಹುಲ್ ಬಲತೊಡೆ ಹಿಡಿದುಕೊಂಡು ಬಿದ್ದರು. ತೊಡೆಯ ಮುಂಭಾಗದ ಸ್ನಾಯುವಿನ ರಜ್ಜು ಹರಿದಿತ್ತು. ಆ ದಿನ ಕೊನೆಯ ಆಟಗಾರನಾಗಿ ಬ್ಯಾಟ್ ಹಿಡಿದು ಬಂದರೂ ಓಡಲಿಕ್ಕೆ ಆಗಲಿಲ್ಲ. ಅದೇ ತಿಂಗಳು ಶಸ್ತ್ರಚಿಕಿತ್ಸೆ ಆಯಿತು. ಜೂನ್ ತಿಂಗಳ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್ ತಪ್ಪಿಹೋಯಿತು. ಸೆಪ್ಟೆಂಬರ್ 10ರಂದು ಕೊಲಂಬೊದಲ್ಲಿ ಆರಂಭವಾದ ಪಾಕಿಸ್ತಾನದ ವಿರುದ್ಧದ ಏಷ್ಯಾ ಕಪ್ ಪಂದ್ಯದಲ್ಲಿ ಮರಳಿ ಬಂದು ಔಟಾಗದೆ 111 ರನ್ ಹೊಡೆದರು.

ಆ ಶತಕ ಎಲ್ಲರಿಗೂ ನೆನಪುಂಟು. ನಡುವಿನ ನಾಲ್ಕು ತಿಂಗಳನ್ನು ಕೂಡ ಲೆಕ್ಕಕ್ಕೆ ತೆಗೆದುಕೊಳ್ಳಿ. ಮೂವತ್ತೊಂದು ವಯಸ್ಸು, ಗಟ್ಟಿ ದೇಹ, ಕೂಡಲೇ ಪರೀಕ್ಷೆ, ಕೂಡಲೇ ಆಪರೇಶನ್, ದಿನವೂ ತರಬೇತಿ ಕೊಡುವವರು. ಇಷ್ಟಿದ್ದೂ ನಾಲ್ಕು ತಿಂಗಳು ಬೇಕಾಯಿತು.

ಓಡುವವರಲ್ಲಿ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ರಜ್ಜುಗಳೂ ಹರಿಯುವುದುಂಟು. ಇವು ಹುಟ್ಟುವುದು ನಾವು ಕೂರುವಾಗ ಬೆಂಚಿಗೆ ತಾಗುವ ಮೂಳೆಯಿಂದ. ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ಕಾಲು ಮುಂದಕ್ಕೆ ಜಾರಿ ಬೀಳ್ತೇವಲ್ಲ, ಮೊಣಕಾಲು ನೇರವಾಗಿ ಸೊಂಟ ಮಡಚಿದ ಆ ಭಂಗಿಯಲ್ಲಿ ಇವು ಅತಿಯಾಗಿ ಎಳೆಯಲ್ಪಡುತ್ತವೆ. ಮೂರು ರಜ್ಜುಗಳೂ ಪೂರ್ತಿ ಕಿತ್ತುಬಂದರೆ ಕೆಲವೇ ವಾರಗಳೊಳಗೆ ಹೊಲಿಯುವುದು ಸುಲಭ. ತಡವಾದರೆ ರಜ್ಜು ಕೆಳಕ್ಕೆ ಸರಿದು, ಪಕ್ಕದ ಸಯಾಟಿಕ್ ನರದ ಸುತ್ತ ಅಂಟು ಬೆಳೆದು, ಕೆಲಸ ಕಷ್ಟವಾಗ್ತದೆ.

ನಿಮ್ಮ ಪ್ರಾಯದವರಿಗೆ ಒಂದು ಪ್ರತ್ಯೇಕ ಮಾತು. ಹದಿಮೂರರಿಂದ ಹದಿನೇಳು ವರ್ಷದವರಲ್ಲಿ ರಜ್ಜು ಗಟ್ಟಿ, ಆದರೆ ಅದು ಸೇರುವ ಮೂಳೆಯ ತುದಿ ಇನ್ನೂ ಬೆಳೆಯುತ್ತಿದೆ. ಆ ತುದಿ ಮತ್ತು ಉಳಿದ ಮೂಳೆಯ ನಡುವೆ ಮೃದ್ವಸ್ಥಿಯ ಪದರ ಉಂಟು. ಹಾಗಾಗಿ ಜೋರಾಗಿ ಎಳೆದಾಗ ರಜ್ಜು ಹರಿಯುವ ಬದಲು ಮೂಳೆಯ ತುಣುಕೇ ಕಿತ್ತುಬರಬಹುದು. ಉಪಜಿಲ್ಲಾ ಕ್ರೀಡಾಕೂಟದಲ್ಲಿ ಓಟದ ಆರಂಭದಲ್ಲೋ ಉದ್ದಜಿಗಿತದಲ್ಲೋ ಸೊಂಟದ ಹತ್ತಿರ 'ಟಕ್' ಎಂದು ಸದ್ದಾಗಿ ಕಾಲೂರಲಿಕ್ಕೆ ಆಗದಿದ್ದರೆ ಅದನ್ನು ಉಳುಕು ಅಂತ ತಳ್ಳಿಹಾಕಬೇಡಿ. ಎಣ್ಣೆ ಹಾಕಿ ತಿಕ್ಕಿ ಎಳೆಯಬೇಡಿ. ಒಂದು ಎಕ್ಸ್-ರೇ ತೆಗೆಸಿ. ಹೆಚ್ಚಿನವು ವಿಶ್ರಾಂತಿ ಮತ್ತು ಊರುಗೋಲಿನಲ್ಲೇ ಗುಣವಾಗುತ್ತವೆ. ತುಣುಕು ಸುಮಾರು 2 ಸೆಂಟಿಮೀಟರಿನಷ್ಟು ದೂರ ಸರಿದಿದ್ದರೆ ಮಾತ್ರ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಮಾತು ಬರ್ತದೆ.

ಮೆಲ್ಲಮೆಲ್ಲನೆ ಹರಿಯುವುದು

ಇನ್ನೊಂದು ರೀತಿಗೆ ಕ್ಯಾಮೆರಾ ಇಲ್ಲ, ಸದ್ದೂ ಇಲ್ಲ. ಬಾವಿಯ ಹಗ್ಗ ಒಂದೇ ದಿನ ತುಂಡಾಗುವುದಿಲ್ಲ. ಕೊಡಪಾನದ ಕೊರಳಿಗೆ ಗಂಟು ಹಾಕಿದ ಜಾಗದಲ್ಲಿ ದಿನವೂ ಒಂದೊಂದು ನಾರು ಬಿಡುತ್ತ ಬರ್ತದೆ. ಮೀಡಿಯಸ್ ಮತ್ತು ಮಿನಿಮಸ್ ರಜ್ಜುಗಳು ಹೊರಗುಬ್ಬಿಗೆ ಸೇರುವ ಜಾಗದಲ್ಲಿ ಹೀಗೆಯೇ ಸವೆಯುತ್ತವೆ. ನಲವತ್ತು ದಾಟಿದ ಮೇಲೆ ಇದು ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಬಹಳ ಹೆಚ್ಚು. ಮೊದಲು ಸವೆತ, ಆಮೇಲೆ ಅರ್ಧ ಹರಿತ, ಕೊನೆಗೆ ಪೂರ್ತಿ ಕಿತ್ತುಬರುವುದು.

ನಮ್ಮ ಮನೆ ಗುಡ್ಡದ ಬದಿಯಲ್ಲಿ, ತೋಟ ಕೆಳಗೆ. ನಡುವೆ ಮುರಕಲ್ಲಿನ ಮೆಟ್ಟಿಲುಗಳು. ಕಾಸರಗೋಡಿನ ಹಳ್ಳಿಯ ಮನೆಗಳು ಹೆಚ್ಚಿನವು ಹೀಗೆಯೇ ಅಲ್ಲವೇ? ಅರುವತ್ತು ದಾಟಿದ ಅಮ್ಮ ದಿನಕ್ಕೆ ನಾಲ್ಕೈದು ಸಲ ಇಳಿದು ಹತ್ತುತ್ತಿದ್ದರು. ಒಂದು ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ ಎಡಮಗ್ಗುಲಲ್ಲಿ ಮಲಗಲಿಕ್ಕೆ ಆಗುವುದಿಲ್ಲ ಅಂದರು. ಆಮೇಲೆ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯತೊಡಗಿದರು. ಆಮೇಲೆ ನಡೆಯುವಾಗ ಪ್ರತಿ ಹೆಜ್ಜೆಗೂ ಮೈಯನ್ನು ಎಡಕ್ಕೆ ವಾಲಿಸತೊಡಗಿದರು. ಕೇಳಿದರೆ, "ವಾಯು. ಪ್ರಾಯ ಆಯ್ತಲ್ಲ, ಇನ್ನು ಹೀಗೇ" ಅನ್ನುತ್ತಿದ್ದರು. ನಾನೂ ಹೌದು ಅಂದುಕೊಂಡೆ. ತೈಲ ತಂದುಕೊಟ್ಟೆ.

ಒಂದು ಕಡೆ ತೋರಿಸಿದೆವು. ಬೆನ್ನಿನ ಎಕ್ಸ್-ರೇ ತೆಗೆದರು. ಬೆನ್ನುಮೂಳೆ ಸ್ವಲ್ಪ ಸವೆದಿದೆ ಅಂತ ಮಾತ್ರೆ ಕೊಟ್ಟರು. ಅರುವತ್ತು ದಾಟಿದ ಯಾರ ಬೆನ್ನು ಸವೆದಿರುವುದಿಲ್ಲ? ತಪ್ಪು ಅವರದ್ದು ಮಾತ್ರ ಅಂತ ಹೇಳಲಾರೆ, ನಮ್ಮ ಮಾತಿನಲ್ಲೂ ಒಂದು ತೊಡಕು ಉಂಟು. ಕನ್ನಡದಲ್ಲಿ 'ಸೊಂಟ ನೋವು' ಅಂದರೆ ಬೆನ್ನಿನ ಕೆಳಭಾಗವೂ ಆಗ್ತದೆ, ಹಿಂಬದಿಯೂ ಆಗ್ತದೆ, ಕೀಲಿನ ಹೊರಬದಿಯೂ ಆಗ್ತದೆ. ಅಮ್ಮ 'ಸೊಂಟ' ಅಂದರು, ಅವರು ಬೆನ್ನು ನೋಡಿದರು. "ಎಲ್ಲಿ, ಒಂದು ಬೆರಳಿನಲ್ಲಿ ತೋರಿಸಿ" ಅಂತ ಕೇಳಿದ್ದರೆ ಅಮ್ಮನ ಬೆರಳು ನೇರ ಹೊರಗುಬ್ಬಿನ ಮೇಲೆ ಹೋಗುತ್ತಿತ್ತು. ನಾನಾದರೂ ಕೇಳಬಹುದಿತ್ತು.

ಎರಡು ವರ್ಷ ಕಳೆದ ಮೇಲೆ ಒಬ್ಬ ಫಿಸಿಯೋಥೆರಪಿಸ್ಟ್ ಅಮ್ಮನಿಗೆ ಮೇಜು ಹಿಡಿದುಕೊಂಡು ಎಡಗಾಲಿನಲ್ಲಿ ಮಾತ್ರ ನಿಲ್ಲಲಿಕ್ಕೆ ಹೇಳಿದರು. ಬಲಗಡೆಯ ಸೊಂಟ ಕೆಳಕ್ಕೆ ಕುಸಿಯಿತು. ನೋಡುತ್ತ ನಿಂತಿದ್ದ ನನಗೆ ನಾಚಿಕೆಯಾಯಿತು. ಸನ್ನೆಯ ಪಾಠ ನಾನು ಎಷ್ಟು ಸಲ ಮಾಡಿದ್ದೇನೆ! ಎಡಗಡೆಯ ಹಗ್ಗ ಹರಿದರೆ ಎತ್ತಿದ ಬಲಗಡೆ ಕುಸಿಯಲೇಬೇಕು. ಮೈಯನ್ನು ಎಡಕ್ಕೆ ವಾಲಿಸಿ ನಡೆಯುತ್ತಿದ್ದದ್ದೂ ಅದಕ್ಕೇ. ಭಾರವನ್ನು ಆಧಾರಬಿಂದುವಿನ ಹತ್ತಿರ ತಂದರೆ ಸ್ನಾಯುವಿಗೆ ಕೆಲಸ ಕಡಿಮೆ. ಅಮ್ಮನ ದೇಹಕ್ಕೆ ಗೊತ್ತಿದ್ದ ಭೌತಶಾಸ್ತ್ರ ನನಗೆ ಹೊಳೆದಿರಲಿಲ್ಲ.

ಹೀಗೆ ಸೊಂಟ ಕುಸಿಯುವುದನ್ನು 1895ರಲ್ಲಿ ವಿವರಿಸಿದವರು ಜರ್ಮನಿಯ ಶಸ್ತ್ರವೈದ್ಯ ಫ್ರೀಡ್ರಿಕ್ ಟ್ರೆಂಡೆಲೆನ್‌ಬರ್ಗ್. ಹುಟ್ಟಿನಿಂದಲೇ ಸೊಂಟದ ಕೀಲು ತಪ್ಪಿದ್ದವರ ನಡಿಗೆಯನ್ನು ನೋಡಿ ಅವರು ಇದನ್ನು ಕಂಡುಕೊಂಡರು. ಈ ಪರೀಕ್ಷೆಗೆ ಇಂದಿಗೂ ಅವರದೇ ಹೆಸರು. ಆದರೆ ವಯಸ್ಸಾದವರಲ್ಲಿ ರಜ್ಜುವೇ ಹರಿದಿರಬಹುದು ಎಂಬುದರ ಕಡೆ ಗಮನ ಹೋದದ್ದು ಬಹಳ ತಡವಾಗಿ. 1997ರಲ್ಲಿ ಇಂಗ್ಲೆಂಡಿನ ವೈದ್ಯರು, ತೊಡೆಮೂಳೆಯ ಕತ್ತು ಮುರಿದು ಆಪರೇಶನ್‌ಗೆ ಬಂದ 50 ಜನರ ರಜ್ಜುಗಳನ್ನೂ ಪರೀಕ್ಷಿಸಿ ನೋಡಿದರು. 11 ಜನರಲ್ಲಿ ಅವು ಹರಿದಿದ್ದವು. ಭುಜದಲ್ಲಿ ಇಂತಹ ಹರಿತ ಮೊದಲೇ ಪ್ರಸಿದ್ಧವಾಗಿತ್ತು. ಸೊಂಟದಲ್ಲೂ ಅದೇ ಉಂಟು ಎಂದು ಆಗ ತಿಳಿಯಿತು.

ಮೊದಲು ವ್ಯಾಯಾಮ

ಸವೆತದ ಹಂತದಲ್ಲಿ ಇರುವವರಿಗೆ ಚಾಕು ಬೇಡ. 2018ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಪ್ರಯೋಗವನ್ನು ನೋಡಿ. ನ್ಯಾಯವಾದ ಹೋಲಿಕೆ ಹೇಗಿರಬೇಕು ಎಂಬುದಕ್ಕೂ ಇದು ಒಳ್ಳೆಯ ಉದಾಹರಣೆ. ಈ ತೊಂದರೆ ಇದ್ದ 204 ಜನರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ತಿಳುವಳಿಕೆ ಮತ್ತು ವ್ಯಾಯಾಮ, ಇನ್ನೊಂದಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್, ಮೂರನೆಯದಕ್ಕೆ ಕಾದು ನೋಡುವುದು. ಎಂಟು ವಾರಗಳ ಮೇಲೆ ಚೆನ್ನಾಗಿ ಸುಧಾರಿಸಿದೆ ಎಂದವರು ಕ್ರಮವಾಗಿ ಶೇಕಡಾ 77, 58 ಮತ್ತು 29. ಒಂದು ವರ್ಷದ ಮೇಲೆ ಸುಮಾರು 79, 58 ಮತ್ತು 52.

ಕಾದು ನೋಡಿದವರಲ್ಲೂ ಅರ್ಧದಷ್ಟು ಜನ ಸುಧಾರಿಸಿದ್ದಾರೆ. ಈ ಮೂರನೆಯ ಗುಂಪು ಇಲ್ಲದಿದ್ದರೆ ಎಲ್ಲ ಕೀರ್ತಿಯೂ ಇಂಜೆಕ್ಷನ್‌ಗೋ ವ್ಯಾಯಾಮಕ್ಕೋ ಹೋಗುತ್ತಿತ್ತು. ಹೋಲಿಕೆಯ ಗುಂಪು ಯಾಕೆ ಬೇಕು ಎಂಬುದಕ್ಕೆ ಇದೇ ಉತ್ತರ. ತಿಳುವಳಿಕೆ ಅಂದರೆ ದೊಡ್ಡದೇನಲ್ಲ: ಒಂದೇ ಕಾಲಿಗೆ ಭಾರ ಹಾಕಿ ಸೊಂಟ ವಾಲಿಸಿ ನಿಲ್ಲಬಾರದು, ಕಾಲ ಮೇಲೆ ಕಾಲು ಹಾಕಿ ಕೂರಬಾರದು, ಮಗ್ಗುಲಾಗಿ ಮಲಗುವಾಗ ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊಳ್ಳಬೇಕು. ಹೀಗೆ ಮಾಡಿದರೆ ರಜ್ಜು ಹೊರಗುಬ್ಬಿಗೆ ಒತ್ತಿ ಅರೆಯುವುದು ಕಡಿಮೆಯಾಗ್ತದೆ.

ಹೊಲಿಯುವ ದಾರಿಗಳು

ತಿಂಗಳುಗಟ್ಟಲೆ ವ್ಯಾಯಾಮ ಮಾಡಿಯೂ ನೋವು ಹೋಗದೆ, ಕಾಲಿನ ಬಲ ಕುಂದಿ, ರಜ್ಜು ಹರಿದಿದೆ ಎಂದು ಎಂಆರ್‌ಐಯಲ್ಲೂ ಕಂಡರೆ ಆಗ ಶಸ್ತ್ರಚಿಕಿತ್ಸೆಯ ಯೋಚನೆ. ಎಕ್ಸ್-ರೇಯಲ್ಲಿ ರಜ್ಜು ಕಾಣುವುದಿಲ್ಲ ಎಂಬುದು ನೆನಪಿರಲಿ. ದಾರಿಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು, ತೆರೆದು ಹೊಲಿಯುವುದು. ಸೊಂಟದ ಹೊರಬದಿಯಲ್ಲಿ ಚರ್ಮವನ್ನೂ ಅದರಡಿಯ ದಪ್ಪ ಪಟ್ಟಿಯನ್ನೂ ಉದ್ದಕ್ಕೆ ಸೀಳಿ ಹೊರಗುಬ್ಬನ್ನು ತಲುಪುತ್ತಾರೆ. ಸವೆದ ನಾರುಗಳನ್ನು ತೆಗೆದು, ಮೂಳೆಯ ಮೇಲ್ಮೈಯನ್ನು ರಕ್ತ ಜಿನುಗುವಷ್ಟು ಕೆರೆಯುತ್ತಾರೆ. ಮೂಳೆಯಲ್ಲಿ ಸಣ್ಣ ತೂತು ಕೊರೆದು ನೂಲು ಹಾಯಿಸಿ, ಅಥವಾ 'ಆಂಕರ್' ಕೂರಿಸಿ ರಜ್ಜುವನ್ನು ಕಟ್ಟುತ್ತಾರೆ. ಆಂಕರ್ ಅಂದರೆ ಗಟ್ಟಿ ನೂಲು ಪೋಣಿಸಿದ ಪುಟ್ಟ ತಿರುಪುಮೊಳೆ. ಟೈಟೇನಿಯಂನದ್ದು ಉಂಟು, ದೇಹದಲ್ಲೇ ಕರಗಿಹೋಗುವಂಥದ್ದೂ ಉಂಟು. ಎರಡು ಸಾಲು ಆಂಕರ್ ಹಾಕಿದರೆ ರಜ್ಜು ಮೂಳೆಗೆ ಹೆಚ್ಚು ಅಗಲದಲ್ಲಿ ಒತ್ತಿ ಕೂರ್ತದೆ.

ಎರಡನೆಯದು, ದೂರದರ್ಶಕದ ಚಿಕ್ಕ ತಮ್ಮನಂತಿರುವ ಎಂಡೋಸ್ಕೋಪ್ ಬಳಸಿ ಮಾಡುವುದು. ಎರಡು ಮೂರು ಸಣ್ಣ ತೂತು ಸಾಕು. ಒಂದರಿಂದ ಕ್ಯಾಮೆರಾ, ಉಳಿದವುಗಳಿಂದ ಉಪಕರಣ. ಉಪ್ಪುನೀರು ಹಾಯಿಸಿ ಜಾಗ ಮಾಡಿಕೊಂಡು, ಪರದೆ ನೋಡುತ್ತ ಅದೇ ಆಂಕರ್, ಅದೇ ಹೊಲಿಗೆ. ಗಾಯ ಚಿಕ್ಕದು. ಆದರೆ ಬಹಳ ಅಭ್ಯಾಸ ಬೇಕು, ದೊಡ್ಡ ಹರಿತಕ್ಕೆ ಎಲ್ಲರೂ ಇದನ್ನು ಆರಿಸುವುದಿಲ್ಲ. 2009ರಲ್ಲಿ ಅಮೆರಿಕದ ವೈದ್ಯರು ಹೀಗೆ ಹೊಲಿದ 10 ಜನರನ್ನು ಸುಮಾರು ಎರಡು ವರ್ಷ ಗಮನಿಸಿ, ಹತ್ತೂ ಜನರ ನೋವು ಹೋಯಿತೆಂದು ವರದಿ ಮಾಡಿದರು. ಸಂತೋಷದ ಸುದ್ದಿಯೇ. ಆದರೆ ಈಗಷ್ಟೇ ಕಲಿತದ್ದನ್ನು ಇಲ್ಲೂ ಕೇಳಿ: ಎಷ್ಟು ಜನ? ಹೋಲಿಕೆಯ ಗುಂಪು ಇತ್ತೇ?

ಮೂರನೆಯದು, ತೇಪೆ. ರಜ್ಜು ತೀರಾ ತೆಳುವಾಗಿ ಹೊಲಿಗೆ ನಿಲ್ಲದ ಹಾಗೆ ಇದ್ದರೆ, ದಾನಿಯ ಚರ್ಮದ ಒಳಪದರದಿಂದ ತಯಾರಿಸಿದ ಹಾಳೆಯನ್ನೋ ಕೊಲ್ಲಾಜನ್ ಹಾಳೆಯನ್ನೋ ಮೇಲೆ ಇಟ್ಟು ಹೊಲಿಯುತ್ತಾರೆ. ಹಳೆಯ ಬಟ್ಟೆಗೆ ತೇಪೆ ಹಾಕುವ ಉಪಾಯವೇ.

ನಾಲ್ಕನೆಯದು, ಸ್ನಾಯು ವರ್ಗಾವಣೆ. ತುಂಬ ಸಮಯ ಕೆಲಸವಿಲ್ಲದೆ ಉಳಿದ ಮೀಡಿಯಸ್ ಸೊರಗಿ, ಅದರ ಜಾಗದಲ್ಲಿ ಕೊಬ್ಬು ತುಂಬಿಕೊಳ್ತದೆ. ಆಗ ಹಗ್ಗ ಕಟ್ಟಿದರೂ ಎಳೆಯುವವರಿಲ್ಲ. ಅಂಥವರಲ್ಲಿ ಹಿಂಬದಿಯ ದೊಡ್ಡ ಸ್ನಾಯು ಗ್ಲೂಟಿಯಸ್ ಮ್ಯಾಕ್ಸಿಮಸ್‌ನ ಮುಂದಿನ ಒಂದು ಪಾಲನ್ನು ಬಿಡಿಸಿ ತಂದು ಹೊರಗುಬ್ಬಿಗೆ ಕಟ್ಟುತ್ತಾರೆ. ಅಕ್ಕನ ಕೆಲಸಕ್ಕೆ ತಂಗಿಯನ್ನು ಕಳುಹಿಸಿದ ಹಾಗೆ. ಕೆಲಸ ನಡೀತದೆ, ಮೊದಲಿನಷ್ಟು ಚೆನ್ನಾಗಿ ಅಲ್ಲ.

ಗಮನಿಸಿ, ಮೊದಲನೆಯ ದಾರಿಯಿಂದ ನಾಲ್ಕನೆಯದಕ್ಕೆ ನಮ್ಮನ್ನು ತಳ್ಳುವುದರಲ್ಲಿ ಕಾಲಕ್ಕೆ ದೊಡ್ಡ ಪಾಲುಂಟು. ಮಂಗಳೂರಿನಲ್ಲಿ ಎಂಆರ್‌ಐ ಚಿತ್ರವನ್ನು ಪರದೆಯ ಮೇಲಿಟ್ಟು ವೈದ್ಯರು ನನಗೆ ಎರಡೂ ಕಡೆ ತೋರಿಸಿದರು. ಬಲಗಡೆಯ ಮೀಡಿಯಸ್ ಬೂದು ಬಣ್ಣ. ಎಡಗಡೆಯದರ ನಡುನಡುವೆ ಬಿಳಿ ಗೀರುಗಳು. ಬಿಳಿ ಅಂದರೆ ಕೊಬ್ಬು. "ಇನ್ನೂ ಅರ್ಧಕ್ಕಿಂತ ಹೆಚ್ಚು ಸ್ನಾಯು ಉಳಿದಿದೆ, ಹೊಲಿಯಬಹುದು. ಸ್ವಲ್ಪ ಮೊದಲೇ ಬಂದಿದ್ದರೆ ಒಳ್ಳೆಯದಿತ್ತು" ಅಂದರು. ಆ ಬಿಳಿ ಗೀರುಗಳು ಹೊಲಿದ ಮೇಲೂ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತವೆ. ಅಮ್ಮನಿಗೆ ತೆರೆದು ಹೊಲಿಯುವ ಆಪರೇಶನ್ ಆಯಿತು.

ಕಟ್ಟುವವರು ವೈದ್ಯರು, ಕೂಡಿಸುವುದು ದೇಹ

ಆಪರೇಶನ್ ಆದ ಮರುದಿನ ಅಮ್ಮ ಕೇಳಿದ್ದು, "ಹೊಲಿದಾಯಿತಲ್ಲ, ಇನ್ನು ನಡೀಬಹುದಲ್ಲ?" ನಿಮ್ಮಲ್ಲೂ ಹಲವರು ಹಾಗೆ ಯೋಚಿಸುತ್ತಿರಬಹುದು. ನಾನು ಅಮ್ಮನಿಗೆ ಕಸಿಯ ಉದಾಹರಣೆ ಕೊಟ್ಟೆ. ಹಿಪ್ಪಲಿ ಗಿಡಕ್ಕೆ ಕಾಳುಮೆಣಸು ಕಸಿ ಕಟ್ಟುವುದನ್ನು ನೀವೂ ನೋಡಿರಬಹುದು. ಸೀಳಿ, ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಬಿಗಿಯುತ್ತೇವೆ. ಪಟ್ಟಿ ಎರಡನ್ನು ಹತ್ತಿರ ಹಿಡಿದಿಡ್ತದೆ, ಅಷ್ಟೇ. ಕೂಡಿಸುವುದು ಗಿಡದ ಜೀವಕೋಶಗಳು. ಕೂಡಿತೋ ನೋಡೋಣ ಅಂತ ದಿನಾ ಅಲ್ಲಾಡಿಸಿದರೆ ಕಸಿ ಹಿಡಿಯುವುದಿಲ್ಲ.

ಇಲ್ಲೂ ಹಾಗೆಯೇ. ನೂಲು ರಜ್ಜುವನ್ನು ಮೂಳೆಗೆ ಒತ್ತಿ ಹಿಡಿದಿರುತ್ತದೆ. ಮೊದಲ ದಿನಗಳಲ್ಲಿ ಅಲ್ಲಿ ರಕ್ತ, ಉರಿಯೂತ. ಆಮೇಲಿನ ವಾರಗಳಲ್ಲಿ ಜೀವಕೋಶಗಳು ಹೊಸ ಕೊಲ್ಲಾಜನ್ ನೇಯುತ್ತವೆ, ಮೊದಲು ಅಡ್ಡಾದಿಡ್ಡಿಯಾಗಿ, ಕ್ರಮೇಣ ಎಳೆತದ ದಿಕ್ಕಿಗೆ ಸಾಲಾಗಿ. ಮೊದಲಿನ ಆ ನಾಲ್ಕು ಹಂತದ ಜೋಡಣೆ ಪೂರ್ತಿಯಾಗಿ ಮರಳಿ ಬರುವುದಿಲ್ಲ, ಗಾಯದ ಅಂಗಾಂಶವೇ ಸೇತುವೆಯಾಗ್ತದೆ. ಹಾಗಾಗಿ ಸಾಮಾನ್ಯವಾಗಿ ಸುಮಾರು ಆರು ವಾರ ಊರುಗೋಲು ಅಥವಾ ವಾಕರ್, ಆ ಕಾಲಿಗೆ ಸ್ವಲ್ಪವೇ ಭಾರ, ಕಾಲನ್ನು ಹೊರಕ್ಕೆ ಎತ್ತುವ ಹಾಗಿಲ್ಲ. ಬಲ ಬರಿಸುವ ವ್ಯಾಯಾಮ ಹೆಚ್ಚಾಗಿ ಮೂರು ತಿಂಗಳ ಹೊತ್ತಿಗೆ. ಪೂರ್ತಿ ಸುಧಾರಿಸಲಿಕ್ಕೆ ಆರು ತಿಂಗಳಿಂದ ಒಂದು ವರ್ಷ. ಸೋಂಕು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು, ಮತ್ತೆ ಹರಿಯುವುದು, ಈ ಅಪಾಯಗಳೂ ಇವೆ.

ಕಸಿಯ ಮಾತು ಅಮ್ಮನಿಗೆ ಹಿಡಿಸಿತು. ನೋಡಲಿಕ್ಕೆ ಬಂದವರಿಗೆಲ್ಲ, "ಕಸಿ ಕಟ್ಟಿದ್ದಾರೆ, ಅಲ್ಲಾಡಿಸಬಾರದಂತೆ" ಅಂತ ಹೇಳುತ್ತಿದ್ದರು.

ಊರುಗೋಲು ಯಾವ ಕೈಯಲ್ಲಿ?

ವಾಕರ್ ಬಿಟ್ಟ ಮೇಲೆ ಅಮ್ಮನಿಗೆ ಒಂದು ಕೋಲು ಬೇಕಾಯಿತು. ನೋವಿದ್ದದ್ದು ಎಡಗಡೆ. ಕೋಲು ಯಾವ ಕೈಯಲ್ಲಿ ಹಿಡಿಯಬೇಕು? ತರಗತಿಯಲ್ಲಿ ಕೇಳಿದಾಗ ಹೆಚ್ಚಿನವರು ಎಡಗೈ ಅಂದರು. ಸರಿಯುತ್ತರ ಬಲಗೈ.

ಮತ್ತೆ ಸನ್ನೆಗೆ ಬನ್ನಿ. ಎಡಗಾಲಿನ ಮೇಲೆ ನಿಂತಾಗ ಭಾರ ಕೀಲಿನ ಬಲಕ್ಕೆ, 10 ಸೆಂಟಿಮೀಟರ್ ದೂರದಲ್ಲಿ. ಬಲಗೈ ಅದೇ ಕೀಲಿನಿಂದ ಸುಮಾರು 40 ಸೆಂಟಿಮೀಟರ್ ದೂರದಲ್ಲಿ. ಬಲಗೈಯ ಕೋಲನ್ನು 5 ಕಿಲೋಗ್ರಾಂ ಭಾರದಷ್ಟು ಒತ್ತಿದರೆ 5×40, ಅಂದರೆ 200. ಐನೂರರಲ್ಲಿ ಇನ್ನೂರು ಕೋಲೇ ಹೊತ್ತಿತು. ಉಳಿದದ್ದು 300. ಸ್ನಾಯು 100ರ ಬದಲು 60ರಷ್ಟು ಎಳೆದರೆ ಸಾಕು! ಬರೇ 5 ಕಿಲೋಗ್ರಾಂ ಒತ್ತಿ 40 ಕಿಲೋಗ್ರಾಂ ಉಳಿಸಿದ ಹಾಗೆ. ಎಡಗೈಯಲ್ಲಿ ಹಿಡಿದರೆ ಈ ಉದ್ದದ ಲಾಭ ಸಿಗುವುದಿಲ್ಲ.

ನೀವು ಮಾಡಬೇಕಾದದ್ದು

ಒಂದು: 30 ಸೆಂಟಿಮೀಟರಿನ ಸ್ಕೇಲಿನ ನಡುವೆ, 15ರ ಗೆರೆಯಡಿ, ಪೆನ್ಸಿಲ್ ಇಡಿ. ಒಂದು ಬದಿಯಲ್ಲಿ 10 ಸೆಂಟಿಮೀಟರ್ ದೂರಕ್ಕೆ ಒಂದೇ ಥರದ ಎರಡು ನಾಣ್ಯ. ಇನ್ನೊಂದು ಬದಿಯಲ್ಲಿ 5 ಸೆಂಟಿಮೀಟರ್ ದೂರಕ್ಕೆ ಎಷ್ಟು ನಾಣ್ಯ ಇಟ್ಟರೆ ಸಮವಾಗ್ತದೆ? ಮಾಡಿ ನೋಡಿ ನೋಟ್ಸ್‌ನಲ್ಲಿ ಬರೆಯಿರಿ.

ಎರಡು: ಮನೆಯ ಹಿರಿಯರು ನಡೆಯುವುದನ್ನು ಹಿಂದಿನಿಂದ ಗಮನಿಸಿ. ಪ್ರತಿ ಹೆಜ್ಜೆಗೂ ಒಂದೇ ಕಡೆಗೆ ವಾಲುತ್ತಾರೆಯೇ? ಒಂದು ಮಗ್ಗುಲಿಗೆ ಮಲಗಲಿಕ್ಕೆ ಆಗುವುದಿಲ್ಲ ಅನ್ನುತ್ತಾರೆಯೇ? ನೋವು ಎಲ್ಲಿ ಅಂತ ಒಂದು ಬೆರಳಿನಲ್ಲಿ ತೋರಿಸಲಿಕ್ಕೆ ಹೇಳಿ. ಅವರನ್ನು ಒಂಟಿ ಕಾಲಿನಲ್ಲಿ ನಿಲ್ಲಿಸುವ ಪರೀಕ್ಷೆ ನೀವು ಮಾಡಬೇಡಿ, ಬಿದ್ದರೆ ಮೂಳೆ ಮುರಿದೀತು. ರೋಗದ ಹೆಸರನ್ನೂ ನೀವು ಹೇಳಬೇಡಿ, ಹೀಗೆ ನಡೆಯಲಿಕ್ಕೆ ಬೇರೆ ಕಾರಣಗಳೂ ಇರುತ್ತವೆ. ಕಂಡದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಡಿ: ಯಾವ ಕಡೆ, ಯಾವಾಗಿನಿಂದ, ಯಾವ ಕೆಲಸಕ್ಕೆ ಕಷ್ಟ. ಆ ಚೀಟಿ ವೈದ್ಯರಿಗೆ ಬಹಳ ಉಪಯೋಗ.

ಮೂರು: ಯಾರಾದರೂ ಕೋಲು ತಪ್ಪು ಕೈಯಲ್ಲಿ ಹಿಡಿದಿದ್ದರೆ, ಲೆಕ್ಕ ಹೇಳಿ ಕೈ ಬದಲಿಸಲಿಕ್ಕೆ ಒಪ್ಪಿಸಿ.

ನನ್ನ ಅಮ್ಮನಿಗೆ ಆಪರೇಶನ್ ಆಗಿ ಒಂದೂವರೆ ವರ್ಷ ಕಳೆಯಿತು. ಈಗ ಎಡಮಗ್ಗುಲಲ್ಲಿ ನಿದ್ದೆ ಬರ್ತದೆ. ತೋಟಕ್ಕೆ ದಿನಕ್ಕೆ ಒಂದು ಸಲ ಇಳಿದು ಹತ್ತುತ್ತಾರೆ. ದೂರ ನಡೆದರೆ ಸಂಜೆಗೆ ಆ ಹಳೆಯ ವಾಲುವಿಕೆ ಸ್ವಲ್ಪ ಕಾಣಿಸ್ತದೆ. ಆ ಸ್ವಲ್ಪವೇ ನಾವು ಕಳೆದುಕೊಂಡ ಎರಡು ವರ್ಷ. ಕೋಲು ಬಲಗೈಯಲ್ಲೇ ಉಂಟು.